ಐದನೆಯ ಬಟನ್ನಿನಿಂದ ಮುಂದೆ

ಗದಗ, 2231ನೇ ಇಸವಿ, ಫಾಲ್ಗುಣ ಮಾಸ

ಹೆಸರು ತಿಳಿಯದ ನಿಮಗೆ ಗುರುಬಾಯಿ ಕಡೇಮನಿಯ ನಮಸ್ಕಾರಗಳು.

ಇಸವಿ ಕೇಳಿ ಯಾರೋ ಚೇಷ್ಟೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ಈ ಪತ್ರ ನಿಮ್ಮ ಕಾಲಕ್ಕೆ ಹೇಗೆ ಮುಟ್ಟುತ್ತದೆ ಎಂಬುದು ಕಳಿಸುವವರಿಗೆ ಗೊತ್ತು, ನನಗೆ ತಿಳಿಯದು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಧ್ವನಿಮುದ್ರಣಗಳಿಂದ ಕಲಿತು ಬರೆಯುತ್ತಿದ್ದೇನೆ. ಅಲ್ಲಲ್ಲಿ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನನಗೆ ಹುಟ್ಟಿನಿಂದಲೇ ಕಣ್ಣು ಕಾಣಿಸದು. ನಿಮ್ಮಂತೆ ನಾನೂ ಪರದೆಯನ್ನು ಕಿವಿಯಿಂದ ಓದುವವಳು. ಪರದೆಯಲ್ಲಿರುವುದನ್ನು ಓದಿಹೇಳುವ, ನೀವು ಸ್ಕ್ರೀನ್ ರೀಡರ್ ಎನ್ನುವ ಸಾಧನವನ್ನು ನಾವು ಓದುಗಿತ್ತಿ ಎನ್ನುತ್ತೇವೆ. ಅವಳಿಗೆ ಅರ್ಥವಾಗದ ಪರದೆ ಎದುರಾದಾಗ ಏನನ್ನು ಯಾವಾಗ ಹೇಳಬೇಕೆಂದು ಬರೆದುಕೊಡುತ್ತೀರಲ್ಲ, ಆ ಸ್ಕ್ರಿಪ್ಟಿಗೆ ನಮ್ಮಲ್ಲಿ ಬಾಯಿಪಾಠ ಎಂದು ಹೆಸರು.

ನಮ್ಮ ಓಣಿಗೊಂದು ನೀರುಮನೆ ಇದೆ. ಮಳೆನೀರನ್ನು ನೆಲದಡಿ ತುಂಬಿಟ್ಟು, ಬೆಳಿಗ್ಗೆ ಸರದಿಯಂತೆ ಮನೆಮನೆಯ ತೊಟ್ಟಿಗೆ ಬಿಡುತ್ತೇವೆ. ಅದನ್ನು ನಡೆಸುವ ಯಂತ್ರ ನಿಮ್ಮ ಕಾಲದ್ದು. ಕೆಡದ ವಸ್ತುವನ್ನು ಎಸೆಯಬಾರದೆಂಬುದು ನಮ್ಮ ಕಟ್ಟಳೆ, ಹಾಗಾಗಿ ಇನ್ನೂ ಇದೆ. ಆದರೆ ಅದನ್ನು ಮಾಡಿದ ಪುಣ್ಯಾತ್ಮರು ಪರದೆಯ ಬಟನ್ನುಗಳ ಮೇಲೆ ಚಿತ್ರ ಬಿಡಿಸಿ, ಹೆಸರಿಡದೆ ಎದ್ದುಹೋಗಿದ್ದಾರೆ. ಓದುಗಿತ್ತಿ ಪಾಪ, ಬಟನ್, ಬಟನ್, ಬಟನ್ ಎಂದು ಒಂದೇ ಸಮನೆ ಹೇಳುತ್ತಾಳೆ. ನನ್ನ ತಾಳ್ಮೆ ದೊಡ್ಡದಲ್ಲ. ಅವಳನ್ನು ಬೈದದ್ದೂ ಉಂಟು.

ಈ ಯಂತ್ರವನ್ನು ಇಷ್ಟು ವರ್ಷ ನಡೆಸಿದ ನೀಲಗಂಗಮ್ಮ ಯುಗಾದಿಗೆ ಕೆಲಸ ಬಿಡುತ್ತಾರೆ. ಆ ಕೆಲಸ ನನಗೆ ಬೇಕಿತ್ತು, ತುಂಬಾ ಬೇಕಿತ್ತು. ಅಷ್ಟರೊಳಗೆ ಯಂತ್ರ ನನ್ನೊಡನೆ ಮಾತಾಡಿದರೆ ಕೆಲಸ ಗುರುಬಾಯಿಗೆ, ಇಲ್ಲವಾದರೆ ಕಣ್ಣಿದ್ದವರಿಗೆ ಎಂದು ಓಣಿಯವರು ತೀರ್ಮಾನಿಸಿದರು. ತಲೆ ನರೆತ ಮೇಲೆ ಬಾಯಿಪಾಠ ಬರೆಯಲು ಕಲಿಯತೊಡಗಿದೆ.

ಮೂಕ ಪರದೆಗೆ ಮಾತು ಬಂದ ಖುಷಿಯಲ್ಲಿ ನನ್ನ ಮೊದಲ ಬಾಯಿಪಾಠದಲ್ಲಿ ಎಲ್ಲವನ್ನೂ ಹೇಳಿಸಿದೆ. ಮನೆಯವರ ಪೂರ್ತಿ ಹೆಸರು, ತೊಟ್ಟಿಯ ಅಳತೆ, ನೀರು ಎಷ್ಟು ತಣ್ಣಗಿದೆ ಎಂಬುದು, ಜೊತೆಗೊಂದು ಶುಭೋದಯ. ತೊಟ್ಟಿ ತುಂಬಿತೆಂಬ ಸುದ್ದಿ ಇವೆಲ್ಲ ಮುಗಿದ ಮೇಲೆ ಬಂತು. ಅಷ್ಟರಲ್ಲಿ ನೀರು ಹೊಸ್ತಿಲು ದಾಟಿ ಓಣಿಯಲ್ಲಿ ಹರಿಯುತ್ತಿತ್ತು. ನೀಲಗಂಗಮ್ಮ ಸೀರೆ ಎತ್ತಿಕಟ್ಟಿಕೊಂಡು ಬಂದರು. "ನಿನ್ನ ಓದುಗಿತ್ತಿ ಮದುವಿ ಮನ್ಯಾಗ ಬೀಗರನ್ನ ಮಾತಾಡಿಸಿದಂಗ ಮಾತಾಡತಾಳಲ್ಲವಾ ಗುರುಬಾಯಿ. ಅಲ್ಲೀತನಾ ನೀರು ಕಾಯತೈತೇನು?" ಎಂದರು. ಅವರು ನಕ್ಕರು, ನನಗೆ ನಗು ಬರಲಿಲ್ಲ. ಇದು ನನ್ನ ಕೈಲಾಗದ ಕೆಲಸ ಎಂದುಕೊಂಡು ಮನೆಗೆ ಬಂದು ಅತ್ತೆ.

ಮರುದಿನ, ಬರೆದದ್ದನ್ನು ತೆಗೆದುಹಾಕಲೆಂದು ಯಂತ್ರದ ಹಳೆಯ ಕಡತಗಳನ್ನು ತಡಕುತ್ತಿದ್ದಾಗ, ಯಾರೂ ಬಳಸದೆ ಬಿದ್ದಿದ್ದ ನಿಮ್ಮ ಬಾಯಿಪಾಠ ಸಿಕ್ಕಿತು. ಹೊಸದಾಗಿ ಕಲಿಯುವವರದೆಂದು ತಕ್ಷಣ ತಿಳಿಯಿತು. ಒಂದೇ ಸಾಲನ್ನು ಎರಡು ಕಡೆ ಬರೆದಿದ್ದೀರಿ. ನಾಲ್ಕು ಬಟನ್ನುಗಳಿಗೆ ಹೆಸರಿಟ್ಟಿದ್ದೀರಿ. ತೆರೆ, ಮುಚ್ಚು, ಮುಂದಿನ ಮನೆ, ಎಲ್ಲ ನಿಲ್ಲಿಸು. ತೊಟ್ಟಿ ತುಂಬಿದರೆ ಓದುಗಿತ್ತಿ ಹೇಳುತ್ತಿದ್ದ ಮಾತನ್ನು ಅಲ್ಲಿಗೇ ಬಿಟ್ಟು, "ತುಂಬಿತು" ಎನ್ನುತ್ತಾಳೆ. ಮತ್ತೇನೂ ಇಲ್ಲ. ಕೆಳಗೆ, ಯಂತ್ರ ಓದದ ಸಾಲಿನಲ್ಲಿ, ನೀವು ನಿಮಗೇ ಹೇಳಿಕೊಂಡಿದ್ದೀರಿ: "ಇಷ್ಟ ಹೇಳಿದ್ರ ಸಾಕೇನೋ, ಗೊತ್ತಿಲ್ಲ. ನನಗ ಇದು ಬರೂದಿಲ್ಲ ಅನಸ್ತದ. ನಾಳೆ ಉಳಿದದ್ದು ಮಾಡೂಣು, ಇಲ್ಲಾಂದ್ರ ಎಲ್ಲಾ ಅಳಿಸಿಬಿಡೂಣು."

ಇಷ್ಟು ದೂರದಿಂದ ಯಾರೋ ನನ್ನ ಮನಸ್ಸಿನ ಮಾತನ್ನೇ ಆಡಿದಂತಾಯಿತು. ನನ್ನ ಬೀಗರ ಉಪಚಾರವನ್ನೆಲ್ಲ ತೆಗೆದು, ನಿಮ್ಮ ದಾರಿಯಲ್ಲೇ ಐದನೆಯ ಬಟನ್ನಿನಿಂದ ಬರೆಯತೊಡಗಿದೆ. ನಿನ್ನೆ ಬೆಳಗಿನ ಸರದಿಯನ್ನು ನಾನೊಬ್ಬಳೇ ನಡೆಸಿದೆ. ನೀಲಗಂಗಮ್ಮ ಹೊರಗೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದರು. ಓಣಿಯಿಂದ ಒಂದು ದೂರೂ ಬರಲಿಲ್ಲ, ಎಲ್ಲರ ತೊಟ್ಟಿಯೂ ಎಂದಿನಂತೆ ತುಂಬಿತ್ತು. ಸಂಜೆ ನೀಲಗಂಗಮ್ಮ ನೀರುಮನೆಯ ಕೀಲಿಕೈ ನನಗೆ ಕೊಟ್ಟರು.

ನಿಮ್ಮಲ್ಲಿ ಒಂದೇ ಕೋರಿಕೆ. ನೀವು ಆ ಸಾಲು ಬರೆದ ಸಂಜೆಯೇ ಈ ಪತ್ರ ನಿಮಗೆ ಸೇರಬೇಕೆಂದು ಕಳಿಸುವವರಿಗೆ ಹೇಳಿದ್ದೇನೆ. ನೀವು ಆ ಬಾಯಿಪಾಠವನ್ನು ಅಳಿಸಿಬಿಟ್ಟರೆ ಇಲ್ಲಿ ನನಗೆ ಏನೂ ಸಿಗುವುದಿಲ್ಲ, ನಾನು ಅಳುತ್ತ ಮನೆಯಲ್ಲೇ ಉಳಿಯುತ್ತೇನೆ. ಅಳಿಸಬೇಡಿ. ಅಷ್ಟು ಹೇಳಿದರೆ ಸಾಕು, ಸರಿಯಾಗಿಯೇ ಇದೆ. ಹಾಗೆಯೇ ಉಳಿಸಿ, ಊಟ ಮಾಡಿ ಮಲಗಿ. ಉಳಿದ ಬಟನ್ನುಗಳನ್ನು ನಾನು ಮುಗಿಸಿದ್ದೇನೆ.

ನಿಮ್ಮ
ಗುರುಬಾಯಿ