ಎಡಗಡೆಯ ಮೋಟರ್

ಶುಕ್ರವಾರ, ಮಾರ್ಚ್ ೧೪. ಮದುವೆಯಾಗಿ ಇಪ್ಪತ್ತಮೂರು ದಿನ.

ನನ್ನ ಗಂಡನ ರೋಬೋಟ್ ಇವತ್ತೂ ಎಡಕ್ಕೇ ಎಳೆಯಿತು. ಭಾನುವಾರ ಸ್ಪರ್ಧೆ. ಪಾಪ, ತನ್ನ ಪ್ರೋಗ್ರಾಮಿನಲ್ಲೇ ತಪ್ಪಿದೆ ಎಂದು ಮೂರು ದಿನದಿಂದ ತಿದ್ದಿದ್ದನ್ನೇ ತಿದ್ದುತ್ತಿದ್ದಾನೆ. ತಲೆ ಕೆರೆದುಕೊಳ್ಳುವಾಗ ಎಷ್ಟು ಮುದ್ದಾಗಿ ಕಾಣುತ್ತಾನೆ!

ಸಂಜೆ ಅದು ಓಡಿ ನಿಂತ ಮೇಲೆ ಅತ್ತೆ ಮೂಗು ಮುಚ್ಚಿಕೊಂಡರು.

"ಏನೇ ಇದು, ನಮ್ಮ ಹಳೇ ಮಿಕ್ಸಿ ಸತ್ತ ದಿನ ಬಂದಿದ್ದ ವಾಸನೆ?"

ಥಟ್ಟನೆ ನೆನಪಾಯಿತು. ಮಂಗಳವಾರ ರೋಬೋಟ್ ಮೇಜಿನಿಂದ ಬೀಳುತ್ತದೆಂದು ಎಡಚಕ್ರ ಹಿಡಿದವಳು, ಅಕ್ಕನ ಜೊತೆ ಫೋನಿನಲ್ಲಿ ಹರಟುತ್ತಾ ಬಿಡುವುದನ್ನೇ ಮರೆತಿದ್ದೆ. ಮೋಟರ್ ಪಾಪ ಗುಂಯ್ ಎನ್ನುತ್ತಲೇ ಇತ್ತು.

ಇವನು ಸ್ನಾನಕ್ಕೆ ಹೋದಾಗ ಪರೀಕ್ಷಿಸಿಯೇಬಿಟ್ಟೆ. ಎರಡು ನಿಮಿಷ ಓಡಿಸಿದರೆ ಬಲಗಡೆಯ ಮೋಟರ್ ಬೆಚ್ಚಗಾಯಿತು, ಎಡಗಡೆಯದು ಮುಟ್ಟಲಾಗದಷ್ಟು ಬಿಸಿ. ಆರಿದ ಮೇಲೆ ಮೀಟರ್ ಇಟ್ಟು ತಂತಿಯ ರೋಧ ಅಳೆದೆ: ಬಲಕ್ಕೆ ಆರು ಓಮ್, ಎಡಕ್ಕೆ ಬರೀ ಎರಡು. ಒಳಗಿನ ತಂತಿಯ ಸುತ್ತುಗಳು ಸುಟ್ಟು ಒಂದಕ್ಕೊಂದು ತಾಗಿವೆ. ಅನುಮಾನವೇ ಇಲ್ಲ.

"ನೀವೇ ಹೇಳಿಬಿಡಿ ಅತ್ತೆ," ಎಂದು ಎಲ್ಲ ಒಪ್ಪಿಕೊಂಡು ಗೋಗರೆದೆ.

"ನಾನ್ಯಾಕೆ ಹೇಳ್ಲಿ? ನಾನೇ ಮಿಕ್ಸಿ ಸುಟ್ಟಾಗ ಕರೆಂಟಿಂದ ಹೋಯ್ತು ಅಂದಿದ್ದೆ. ನಿಮ್ಮ ಮಾವ ಇವತ್ತಿಗೂ ನಂಬಿದಾರೆ."

ನನ್ನಿಂದ ಹಾಗೆ ಆಗದು. ಸುಮ್ಮನಿದ್ದರೆ ಇವನು ಸೋತು, ತನ್ನನ್ನೇ ದಡ್ಡ ಎಂದುಕೊಳ್ಳುತ್ತಾನೆ. ಹೊಸ ಮೋಟರ್ ತಂದು ಕೂರಿಸಲು ನಾಳೆ ಒಂದೇ ದಿನವಿದೆ. ಪಕ್ಕದ ಕೋಣೆಯಲ್ಲಿ ಇನ್ನೂ ಟೈಪ್ ಮಾಡುವ ಸದ್ದು. ಈ ಪುಟ ಮುಗಿಸಿ ಎದ್ದು ಹೋಗಿ, ಮೊದಲು ಲ್ಯಾಪ್‌ಟಾಪ್ ಮುಚ್ಚಿಸಿ, ಆಮೇಲೆ—

ಸದ್ದು ನಿಂತಿತು. ಇವನೇ ಬರುತ್ತಿದ್ದಾನೆ. ಬರಲಿ, ಮೀಟರ್ ನನ್ನ ಮಡಿಲಲ್ಲೇ ಇದೆ.