ಸೈರನ್ನಿನ ಸಾಲು ತಿದ್ದಿದವರು

ಉದಕಮಂಡಲ
೧೪ ಸೆಪ್ಟೆಂಬರ್ ೨೦೦೯

ಮಸಿನಗುಡಿಯ ಭೋಜ ಮಾಮನಿಗೆ ಸಿಂಧುಜಾಳ ನಮಸ್ಕಾರಗಳು.

ಆನೆ ಬಂದರೆ ಕೂಗಬೇಕಿದ್ದ ನಮ್ಮ ಸೈರನ್ನು ಆ ಬೆಳಿಗ್ಗೆ ಕೂಗಲಿಲ್ಲ. ನೀವು ತಗಡು ಬಡಿದು, ಶಾಲೆಯ ಜೀಪಿಗೆ ಕಾಯುತ್ತಿದ್ದ ಮಕ್ಕಳನ್ನು ನಿಮ್ಮ ಅಂಗಡಿಯೊಳಗೆ ಸೇರಿಸಿದಿರಿ. ತಪ್ಪು ನನ್ನದೇ. ಸೈರನ್ನಿನ ಪೆಟ್ಟಿಗೆಯನ್ನು ನಡೆಸುವ, ಲೋಕವೆಲ್ಲ ಬಳಸುವ ತಂತ್ರಾಂಶವಾದ ಲಿನಕ್ಸ್ ಕರ್ನಲ್‌ಗೆ ಆನೆ ಬಂದದ್ದನ್ನು ತಿಳಿಸುವ ಬೇಲಿಯ ತಂತಿಯ ವಿವರ ಬರೆದುಕೊಟ್ಟವಳು ನಾನು. ಹೇಗೆ ಬರೆಯಬೇಕೆಂದು ತಿಳಿಸುವ ದಾಖಲೆಯಲ್ಲಿ ‘ತಂತಿಯ ಸಹಜ ಸ್ಥಿತಿ’ ಎಂದಷ್ಟೇ ಇತ್ತು. ನಾನು ಅದನ್ನು ತಲೆಕೆಳಗಾಗಿ ಅರ್ಥಮಾಡಿಕೊಂಡೆ.

ಮರುದಿನ ಬಂದಾಗ ಬೈಯುತ್ತೀರಿ ಎಂದುಕೊಂಡಿದ್ದೆ. ನೀವು ಟೀ ಕೊಟ್ಟಿರಿ. ನಾನು ಆ ಸಾಲನ್ನು ಓದಿ ಹೇಳಿದಾಗ, “ಸಹಜ ಅಂದ್ರೆ ಆನೆ ಇಲ್ಲದಾಗಲೋ, ಬಂದಾಗಲೋ? ಅದನ್ನೇ ಬರ್ದಿಲ್ವಲ್ಲಮ್ಮಾ” ಎಂದಿರಿ.

ಆ ಪ್ರಶ್ನೆಯನ್ನೇ ಕರ್ನಲ್‌ನ ದಾಖಲೆ ನೋಡಿಕೊಳ್ಳುವವರಿಗೆ ಕಳಿಸಿದೆ. ‘ಏನೂ ನಡೆಯದಿರುವಾಗ ತಂತಿಯಲ್ಲಿ ಕರೆಂಟು ಇರುತ್ತದೆಯೋ ಇಲ್ಲವೋ ಬರೆಯಿರಿ’ ಎಂದು ಸಾಲನ್ನು ಬದಲಾಯಿಸಲು ಅವರು ಒಪ್ಪಿದ್ದಾರೆ. ಇನ್ನು ಯಾವ ದೇಶದಲ್ಲಿ ಯಾರು ಓದಿದರೂ ನನ್ನ ಹಾಗೆ ಎಡವಲಾರರು.

ಸೈರನ್ನು ಸರಿಯಾಗಿದೆ. ಗುರುವಾರ ಬಸ್ಸಿನಲ್ಲಿ ತರುತ್ತೇನೆ, ಇಬ್ಬರೂ ಕೂಗಿಸಿ ನೋಡೋಣ.

ಅಷ್ಟರಲ್ಲಿ ಒಂದು ಕೆಲಸ ಮಾಡಿಡಿ. ತಿದ್ದುಪಡಿಯ ಕೆಳಗೆ, ದೋಷವನ್ನು ತೋರಿಸಿದವರ ಹೆಸರು ಹಾಕುತ್ತಾರೆ. ನನ್ನ ಹೆಸರು ಹಾಕಲೇ ಎಂದು ಕೇಳಿದರು. ಬೇಡ, ಆ ಪ್ರಶ್ನೆ ಕೇಳಿದವರು ಬೇರೆ ಇದ್ದಾರೆ ಎಂದೆ. ನಿಮ್ಮ ಹೆಸರನ್ನು ಇಂಗ್ಲಿಷಿನಲ್ಲಿ, ಇನಿಷಿಯಲ್ ಸಮೇತ, ರೇಷನ್ ಕಾರ್ಡಿನಲ್ಲಿ ಇರುವ ಹಾಗೆಯೇ ಒಂದು ಚೀಟಿಯಲ್ಲಿ ಬರೆಸಿಡಿ. ಅದರಲ್ಲಿ ಒಂದಕ್ಷರವೂ ತಪ್ಪಬಾರದು.

ನಿಮ್ಮ ಉಪಕಾರ ಮರೆಯದ,
ಸಿಂಧುಜಾ