ಮಾಸ್ಟ್ರ ಮುಖ ನೋಡಿ

3-2-1958, ಸೋಮವಾರ, ಬೆಳಿಗ್ಗೆ 6

ಸುಳ್ಯದಲ್ಲಿ ಚಳಿ. ಬಸ್ಸು ಸ್ಟಾರ್ಟ್ ಮಾಡಲು ಹ್ಯಾಂಡಲ್ ತಿರುಗಿಸಿ ತೋಳು ಸೋತಿತು. ಆರೂವರೆಗೆ ಪುತ್ತೂರಿನ ಮೊದಲ ಟ್ರಿಪ್.

ಈ ಬಸ್ಸು ಯಾರಿಗೆಂದು ಇನ್ನು ಗೌರೀಶಂಕರ ಮಾಸ್ಟ್ರು ಹೇಳಬೇಕು. ತಿರುಮಲೇಶ್ವರನಿಗೂ ನನಗೂ ಪಾಲುದಾರಿಕೆ ಮುರಿಯಿತು. ತಕರಾರು ಬಂದರೆ ಮಾಸ್ಟ್ರೇ ಆರ್ಬಿಟ್ರೇಟರ್, ಇಬ್ಬರನ್ನೂ ಕೇಳಿ ತೀರ್ಪು ಕೊಡುವವರು ಎಂದು ಕರಾರಿನಲ್ಲಿ ಬರೆಸಿದ್ದು ನಾನೇ. ಮಗ್ಗಿ ಕಲಿಸಿದವರಲ್ಲವೇ... ಏಳು ವರ್ಷ ಸ್ಟೇರಿಂಗ್ ಹಿಡಿದವ ನಾನು, ಅಡಿಯಲ್ಲಿ ಮಲಗಿ ರಿಪೇರಿ ಮಾಡಿದವ ನಾನು. ಅವನು ಬೆಟ್ಟಂಪಾಡಿಯಲ್ಲಿ ಕೂತು ವೀಳ್ಯ ಜಗಿದವ. ಬಸ್ಸು ಹೋದರೆ ನಲವತ್ತೈದರಲ್ಲಿ ನಾನು ಕಂಡವರ ಡ್ರೈವರ್.

17-2-58, ಮಧ್ಯಾಹ್ನ

ಪುತ್ತೂರು ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಮೂಸಕುಂಞಿ ಬಾಯಿಬಿಟ್ಟ.

"ನಿನ್ನೆ ತಿರುಮಲೇಶ್ವರಣ್ಣ ಗಾಡಿ ತೋರಿಸ್ಲಿಕ್ಕೆ ಅಂತ ಮಾಸ್ಟ್ರನ್ನು ಕೂರಿಸಿಕೊಂಡು ಕಲ್ಲುಗುಂಡಿವರೆಗೆ ಬಸ್ಸು ತೆಗೊಂಡು ಹೋದ್ದು. ನನ್ನನ್ನೂ ಕರೆದ್ರು. ಗಾಡಿ ಹಾಳು ಮಾಡಿದ್ದು ನೀವೇ ಅಂತ ಹೇಳಿಸಿದ್ರು."

"ನೀನು ಹೇಳಿದ್ಯಾ?"

"ಎಂತ ಮಾಡುದು ಕುಕ್ಕಪ್ಪಣ್ಣ, ಕೆಲಸ ಬೇಕಲ್ಲ."

"ಮಾಸ್ಟ್ರು?"

"ಬರ್ಕೊಂಡ್ರು."

ನಿನ್ನೆ ನಾನು ಅಜ್ಜಾವರದಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ನನ್ನದೇ ಬಸ್ಸಿನಲ್ಲಿ, ನನ್ನ ಬೆನ್ನ ಹಿಂದೆ ಸಾಕ್ಷಿ. ಹೇಸಿಗೆ.

18-2-58

ವಕೀಲರಲ್ಲಿ ಹೋದೆ.

"ಒಬ್ಬರನ್ನು ಬಿಟ್ಟು ಸಾಕ್ಷಿ ತೆಗೆದ್ರೆ ಕೋರ್ಟು ತೀರ್ಪನ್ನೇ ರದ್ದು ಮಾಡ್ತದೆ ಮಾರಾಯ್ರೆ. ಆದರೆ ಆಕ್ಷೇಪ ಈಗಲೇ ಕೊಡಿ. ಗೊತ್ತಿದ್ದೂ ಸುಮ್ಮನೆ ಕೂತ್ರೆ ಹಕ್ಕು ಬಿಟ್ಟುಕೊಟ್ಟ ಹಾಗೆ. ಸೋತ ಮೇಲೆ ಕೂಗಿದ್ರೆ ಯಾರೂ ಕೇಳುದಿಲ್ಲ."

ಟೈಪ್ ಮಾಡಿಸಿ ಕೊಟ್ಟರು. ಅರ್ಧ ಪುಟ.

23-2-58, ಭಾನುವಾರ

ಮಾಸ್ಟ್ರ ಜಗಲಿಯಲ್ಲಿ ವಿಚಾರಣೆ. ಎದುರು ತಿರುಮಲೇಶ್ವರ, ಕಾಲು ಚಾಚಿಕೊಂಡು. ಮಾಸ್ಟ್ರ ಹೆಂಡತಿ ಗೋದಾವರಿಯಮ್ಮ ಕಾಫಿ ತಂದರು. ನನ್ನ ಮಗಳ ಕೆಮ್ಮು ಹೇಗುಂಟು ಎಂದು ಕೇಳಿದರು.

"ಇದುವರೆಗೆ ನಡೆದ ವಿಚಾರಣೆಗೆ ಯಾರದ್ದಾದ್ರೂ ಆಕ್ಷೇಪ ಉಂಟಾ?" — ಮಾಸ್ಟ್ರು ಹಾಜರಿ ಕರೆದ ಹಾಗೆ ಕೇಳಿದರು.

ಕಾಗದ ಜೇಬಿನಲ್ಲಿ. ಕೈಯಲ್ಲಿ ಅವರ ಮನೆಯ ಕಾಫಿ. ಆ ಹೆಂಗಸಿನ ಎದುರು, ನೀವು ಮೋಸ ಮಾಡಿದಿರಿ ಎನ್ನುವುದು ಹೇಗೆ?

"ಇಲ್ಲ ಮಾಸ್ಟ್ರೇ" ಅಂದೆ. ಬರೆದುಕೊಂಡರು. ಸಹಿ ಹಾಕಿದೆ. ಥೂ ನನ್ನ ಜನ್ಮಕ್ಕೆ.

19-3-58

ತೀರ್ಪು ಬಂತು. ಬಸ್ಸು ತಿರುಮಲೇಶ್ವರನಿಗೆ. ಎಂಜಿನ್ ಕೆಟ್ಟದ್ದು ನನ್ನ ಅಜಾಗ್ರತೆಯಿಂದಂತೆ.

ಕೀಲಿಕೈ ಕೊಟ್ಟು ಬಂದೆ. ಇನ್ನು ಕೋರ್ಟಿಗೆ ಹೋಗುವುದೇ ಸರಿ.

11-8-58, ಸೋಮವಾರ

ಜಡ್ಜರು ನನ್ನ ಸಹಿ ತೋರಿಸಿದರು. ಕಲ್ಲುಗುಂಡಿಯ ಸಂಗತಿ ಆಗಲೇ ಗೊತ್ತಿತ್ತೇ? ಗೊತ್ತಿತ್ತು. ಮತ್ತೇಕೆ ಹೇಳಲಿಲ್ಲ?

ದಾಕ್ಷಿಣ್ಯ, ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅರ್ಜಿ ವಜಾ.

ಹೊರಗೆ ವಕೀಲರು ತೋಳು ಹಿಡಿದು ನಿಲ್ಲಿಸಿದರು. "ಕಡತದಲ್ಲಿ ಗ್ಯಾರೇಜಿನವನ ಹೇಳಿಕೆಯೂ ಉಂಟು, ಅದನ್ನೂ ನಿಮ್ಮನ್ನು ಬಿಟ್ಟೇ ತೆಗೆದದ್ದು. ಅದು ನಿಮಗೆ ಗೊತ್ತೇ ಇರ್ಲಿಲ್ಲ. ಗೊತ್ತಿಲ್ಲದ್ದನ್ನು ಬಿಟ್ಟುಕೊಡುದು ಹೇಗೆ? ಅಪೀಲು ಹಾಕುವ. ಬಸ್ಸು ಬರ್ತದೆ."

ಐದು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ.

17-8-58, ಭಾನುವಾರ, ಸಂಜೆ 5

ಮಾಸ್ಟ್ರು ಬಂದಿದ್ದರು. ಅಜ್ಜಾವರದ ನಮ್ಮ ಮನೆವರೆಗೆ, ಒಬ್ಬರೇ, ನಡೆದುಕೊಂಡು.

"ತಪ್ಪು ನನ್ನದೇ ಕುಕ್ಕಪ್ಪ. ಆ ದಿನ ನೀನು ಆಕ್ಷೇಪ ಹೇಳ್ತಿ ಅಂತ ಕಾದೆ. ಹೇಳಿದ್ರೆ ಆ ಸಾಕ್ಷಿಯನ್ನೆಲ್ಲ ಹರಿದು ಹಾಕ್ತಿದ್ದೆ."

ಅಂದರೆ ನನಗೆ ತಿಳಿದಿದೆಯೆಂದು ಇವರಿಗೂ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದು, ಗೊತ್ತಿದ್ದೇ ಸಹಿ ಹಾಕಿಸಿದ್ದು. ಈಗ ತಪ್ಪನ್ನೂ ನನ್ನ ತಲೆಗೇ ಕಟ್ಟುತ್ತಿದ್ದಾರೆ.

"ಅಪೀಲು ಮಾತ್ರ ಬೇಡ. ಈ ಪ್ರಾಯದಲ್ಲಿ ದೊಡ್ಡ ಕೋರ್ಟಿನಲ್ಲಿ ನನ್ನ ಹೆಸರು ಕೂಗಿಸಬೇಡ."

ಬಾಗಿಲಲ್ಲಿ ನನ್ನ ಹೆಂಡತಿ ಪೂವಮ್ಮ ನಿಂತಿದ್ದಳು. ನನ್ನನ್ನೇ ನೋಡಿ ತಲೆ ಅಲ್ಲಾಡಿಸಿದಳು, ಬೇಡ ಎಂದು. ಎದ್ದು ನಿಂತೆ. ಹೊರಗೆ ಹೋಗಿ ಎನ್ನಲಿಕ್ಕೆಂದೇ ಎದ್ದದ್ದು. ಮಾಸ್ಟ್ರೂ ಎದ್ದರು, ಕೈ ಮುಗಿದರು. ನನಗೆ, ಮಾಸ್ಟ್ರು.

"ಆಗಲಿ" ಅಂದುಬಿಟ್ಟೆ.

ಪೂವಮ್ಮ ಒಳಗೆ ಹೋದಳು. ನಾನು ಮಾಸ್ಟ್ರನ್ನು ರಸ್ತೆಯವರೆಗೆ ಬಿಟ್ಟೂ ಬಂದೆ. ನಾಳೆ ವಕೀಲರಿಗೆ ಎಂತ ಹೇಳಲಿ... ಯಾರೋ ಒಬ್ಬರ ಎದುರಾದರೂ, ಸಾಯುವುದರೊಳಗೆ ಒಂದೇ ಒಂದು ಸಲ, ನನ್ನ ಬಾಯಿಯಿಂದ "ಆಗುದಿಲ್ಲ" ಎಂಬ ಮಾತು —